ಪಡಸಾಲೆಗೆ ಸದ್ದಿಲ್ಲದ ಪೆಟ್ಟಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಸೀಮೆಯ ಎಷ್ಟೋ ಮನೆಗಳ ಅಲ್ಮೇರಾದಲ್ಲಿ ಒಂದು ಆಸ್ತಿ ಇದೆ. ಊರಿನ ಬಯಲಾಟದ ವಿಡಿಯೊ, ಮದುವೆಯ ಡಿವಿಡಿ, ತೀರಿಹೋದ ಅಜ್ಜನ ದನಿ ಇರುವ ಪೆನ್‌ಡ್ರೈವ್. ಮನೆಗೆ ದೊಡ್ಡ ಟಿವಿ ಬಂತು, ಎಲ್ಲರೂ ಕೂತು ನೋಡೋಣ ಅಂತ ಹಳೇ ಡೆಸ್ಕ್‌ಟಾಪ್ ತಂದು ಪಕ್ಕಕ್ಕಿಟ್ಟರೆ ಏನಾಗುತ್ತೆ? ಅಜ್ಜನ ದನಿಗಿಂತ ಫ್ಯಾನ್ ಸದ್ದೇ ಜೋರು!

ಹಾಗಾದ್ರೆ ಎಂಥದ್ದು ತಗೋಬೇಕು? ಮೊದಲೇ ಹೇಳಿಬಿಡ್ತೀನಿ, ಇದು ಎಲ್ಲರಿಗೂ ಬೇಕಿಲ್ಲ. ನೀವು ನೋಡೋದು ಬರೀ ಯೂಟ್ಯೂಬ್, ಒಟಿಟಿ ಆದ್ರೆ ಟಿವಿಗೆ ಸಿಕ್ಕಿಸೋ ಸ್ಟಿಕ್ ಸಾಕು. ಸ್ವಂತ ವಿಡಿಯೊಗಳ ಸಂಗ್ರಹ ಇರೋರಿಗೆ ಮಾತ್ರ ಮಿನಿ ಪಿಸಿ.

ಅಂಗಡಿಯವರು ‘ಐ7 ತಗೊಳ್ಳಿ ಸರ್’ ಅಂತಾರೆ. ಸ್ವಲ್ಪ ನಿಲ್ಲಿ. ವಿಡಿಯೊ ಫೈಲ್ ಅಂದ್ರೆ ಒತ್ತಿ ಕಟ್ಟಿದ ಗಂಟು. ನೋಡುವಾಗ ಅದನ್ನು ಕ್ಷಣಕ್ಷಣಕ್ಕೂ ಬಿಚ್ಚಬೇಕು. ಗಂಟು ಕಟ್ಟುವ ವಿಧಾನಗಳೂ ಬೇರೆ ಬೇರೆ: 2003ರ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1. ಬಿಚ್ಚೋದಕ್ಕೆ ಅಂತಲೇ ಚಿಪ್‌ನೊಳಗೆ ಡಿಕೋಡರ್ ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಇಡೀ ಪ್ರೊಸೆಸರ್ ಮೈಮುರಿದು ದುಡಿಯಬೇಕು. ಆಗ ಬಿಸಿ ಏರುತ್ತೆ, ಫ್ಯಾನ್ ಓಡುತ್ತೆ. ಸದ್ದಿನ ಮೂಲ ಇದೇ.

2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್‌ನ ಶಕ್ತಿ ಮಿತಿ 6 ವ್ಯಾಟ್. ಈ ಮೂರೂ ಬಗೆಯ ಗಂಟನ್ನು ಅದು ಬಿಚ್ಚುತ್ತೆ. 2019ರ ರಾಸ್ಪ್‌ಬೆರಿ ಪೈ 4 ಕೂಡ 4ಕೆ ಎಚ್‌ಇವಿಸಿ ಆಡಿಸುತ್ತೆ, ಆದರೆ ಎವಿ1 ಡಿಕೋಡರ್ ಅದರಲ್ಲಿಲ್ಲ. ಎರಡಕ್ಕೂ ಕೋಡಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ರಿಮೋಟ್‌ನಲ್ಲೇ ಎಲ್ಲ ನಡೆಯುತ್ತೆ.

ಈಗ ನಮ್ಮ ಬಿಸಿಲು, ನಮ್ಮ ಧೂಳಿನ ವಿಚಾರ. ಫ್ಯಾನ್ ಗಾಳಿ ಜೊತೆ ಧೂಳನ್ನೂ ಎಳೆಯುತ್ತೆ. ಧೂಳು ಕಟ್ಟಿದಷ್ಟೂ ಬಿಸಿ, ಬಿಸಿಯಾದಷ್ಟೂ ಸದ್ದು. ಎನ್100 ಇದ್ದರೂ ಹಲವು ಪೆಟ್ಟಿಗೆಗಳಲ್ಲಿ ಫ್ಯಾನ್ ಇರುತ್ತೆ, ಹಾಗಾಗಿ ಫ್ಯಾನ್ ಇಲ್ಲದ್ದನ್ನೇ ಕೇಳಿ ತಗೊಳ್ಳಿ. ಅದರ ಲೋಹದ ಮೈಯೇ ಶಾಖ ಹೊರಹಾಕುತ್ತೆ. ಅದನ್ನು ಟಿವಿ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಬೇಡಿ. ಬೇಸಿಗೆಯಲ್ಲಿ ಉಸಿರು ಕಟ್ಟಿಬಿಡುತ್ತೆ.

ಕರೆಂಟ್ ಲೆಕ್ಕ ಹಾಕಿ. 100 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. 12 ವ್ಯಾಟ್‌ನ ಪುಟ್ಟ ಪೆಟ್ಟಿಗೆಗೆ 2 ಯೂನಿಟ್ ಕೂಡ ಆಗಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ನೆನಪಿರಲಿ. ಕರೆಂಟ್ ಹೋದರೂ ಸಣ್ಣ ಯುಪಿಎಸ್ ಇದನ್ನು ಎಳೆದುಕೊಂಡು ಹೋಗುತ್ತೆ.

ಅಂಗಡಿಯಲ್ಲಿ ಮೂರೇ ಪ್ರಶ್ನೆ ಕೇಳಿ. ಫ್ಯಾನ್ ಇದೆಯಾ? ಎಚ್‌ಇವಿಸಿ, ಎವಿ1 ಡಿಕೋಡರ್ ಇದೆಯಾ? ಒಳಗಿರೋದು ಎಸ್‌ಎಸ್‌ಡಿನಾ? ತಿರುಗುವ ಭಾಗವೇ ಇಲ್ಲದ್ದರಿಂದ ಎಸ್‌ಎಸ್‌ಡಿ ಸದ್ದು ಮಾಡಲ್ಲ.

ಮನೆಗೆ ತಂದ ದಿನವೇ ಇನ್ನೊಂದು ಕೆಲಸ ಮುಗಿಸಿ. ಡಿವಿಡಿ, ಪೆನ್‌ಡ್ರೈವ್‌ನಲ್ಲಿ ಇರೋದನ್ನೆಲ್ಲ ಅದಕ್ಕೆ ಇಳಿಸಿ, ಮತ್ತೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇಡಿ. ಪೆಟ್ಟಿಗೆ ಕೆಟ್ಟರೆ ಇನ್ನೊಂದು ಸಿಗುತ್ತೆ. ಆ ಬಯಲಾಟದ ರಾತ್ರಿ ಮತ್ತೆ ಸಿಗಲ್ಲ.