ಅಂಕಗಳಿಂದ ಹುಟ್ಟುವ ತರಂಗ, ಅದನ್ನು ಕಾಡುವ ಹುಸಿ ಸಂಕೇತಗಳು

ರೇಡಿಯೊ ಯಂತ್ರಗಳಿಗೂ ಪ್ರಯೋಗಶಾಲೆಯ ಉಪಕರಣಗಳಿಗೂ ಬೇಕಾದ ಆವೃತ್ತಿಯ ತರಂಗವನ್ನು ಕೇವಲ ಅಂಕಗಣಿತದ ಬಲದಿಂದ ಉತ್ಪಾದಿಸಬಹುದೆಂಬುದನ್ನು 1971ರಲ್ಲಿ ಟಿಯರ್ನಿ, ರೇಡರ್, ಗೋಲ್ಡ್ ಎಂಬ ಮೂವರು ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಗಡಿಯಾರದ ಪ್ರತಿಯೊಂದು ಮಿಡಿತಕ್ಕೂ ಒಂದು ನಿಯತ ಸಂಖ್ಯೆಯನ್ನು ಸಂಚಯಕಕ್ಕೆ ಕೂಡುತ್ತ ಹೋಗಿ, ಆ ಮೊತ್ತವನ್ನು ತರಂಗದ ಪ್ರಾವಸ್ಥೆ, ಎಂದರೆ ಒಂದು ಸುತ್ತಿನಲ್ಲಿ ಅದು ಕ್ರಮಿಸಿದ ದೂರ ಎಂದು ಗ್ರಹಿಸಿ, ಸೈನ್ ಕೋಷ್ಟಕದಿಂದ ತಕ್ಕ ಬೆಲೆಯನ್ನು ಆಯ್ದು ಪರಿವರ್ತಕದ ಮೂಲಕ ವಿದ್ಯುತ್ತಾಗಿಸುವುದೇ ಇದರ ಕ್ರಮ. ಕೂಡುವ ಸಂಖ್ಯೆ ಬದಲಾದರೆ ಆವೃತ್ತಿಯೂ ಬದಲಾಗುತ್ತದೆ.

ಆದರೆ ಬಯಸಿದ ತರಂಗದೊಡನೆ ಬಯಸದವೂ ಹುಟ್ಟುತ್ತವೆ. ಹವ್ಯಾಸಿ ರೇಡಿಯೊದವರಿಗೆ ಚಿರಪರಿಚಿತವಾದ ಎಡಿ9850 ಚಿಪ್ಪಿನಲ್ಲಿ ಸಂಚಯಕವು 32 ಬಿಟ್ಟಿನದು. ಅಷ್ಟಕ್ಕೂ ಕೋಷ್ಟಕ ಬರೆಯಹೊರಟರೆ ನಾನೂರು ಕೋಟಿಗೂ ಮಿಕ್ಕ ಬೆಲೆಗಳು ಬೇಕಾಗುವುದರಿಂದ, ಮೇಲಿನ 14 ಬಿಟ್ಟುಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಕೈಬಿಡುತ್ತಾರೆ. ಚಾಂದ್ರವರ್ಷದಲ್ಲಿ ಕಡಮೆ ಬಿದ್ದ ದಿನಗಳು ಕೂಡಿಕೊಂಡು ಅಧಿಕಮಾಸವಾಗಿ ಮರಳುವಂತೆ, ಕೈಬಿಟ್ಟ ಶೇಷವೂ ಕ್ರಮಬದ್ಧವಾಗಿ ಮರಳಿಬರುತ್ತದೆ. ಕ್ರಮಬದ್ಧವಾಗಿ ಮರಳುವ ದೋಷವೆಂದರೆ ಮತ್ತೊಂದು ಆವೃತ್ತಿಯೇ ಸರಿ. ಉಳಿಸಿಕೊಂಡ ಒಂದೊಂದು ಬಿಟ್ಟಿಗೂ ಈ ಹುಸಿ ಸಂಕೇತ ಸುಮಾರು 6 ಡೆಸಿಬೆಲ್ ತಗ್ಗುವುದರಿಂದ, 14 ಬಿಟ್ಟುಗಳಿದ್ದರೆ ಅದು ಮೂಲಕ್ಕಿಂತ ಸುಮಾರು 84 ಡೆಸಿಬೆಲ್ ಕೆಳಗಿರುತ್ತದೆ. ಅದೂ ಸಾಲದೆಂದಾಗ, ಕತ್ತರಿಸುವ ಮುನ್ನ ಪ್ರಾವಸ್ಥೆಗೆ ಕಿರಿದಾದ ಯಾದೃಚ್ಛಿಕ ಸಂಖ್ಯೆಯೊಂದನ್ನು ಕೂಡಿಸುವುದುಂಟು. ಇದರಿಂದ ದೋಷವು ನಾಶವಾಗುವುದಿಲ್ಲ. ಅದರ ಕ್ರಮ ಕೆಟ್ಟು, ಒಂದೆಡೆ ಮೊನಚಾಗಿ ನಿಂತಿದ್ದ ಶಕ್ತಿ ಸಣ್ಣ ಗದ್ದಲವಾಗಿ ಎಲ್ಲೆಡೆ ಹರಡಿಹೋಗುತ್ತದೆ. ದೋಷವನ್ನು ಅಳಿಸದೆ ನಿರುಪದ್ರವಿಯಾಗಿಸುವ ಈ ಉಪಾಯ ನನಗೆ ಅತ್ಯಂತ ಸುಂದರವಾಗಿ ತೋರುತ್ತದೆ.

ಪರಿವರ್ತಕದ ವಕ್ರತೆಗೆ, ಎಂದರೆ ಅದು ಹೊರಡಿಸುವ ವಿದ್ಯುತ್ತು ಅಂಕಕ್ಕೆ ತಕ್ಕ ಪ್ರಮಾಣದಲ್ಲಿರದ ದೋಷಕ್ಕೆ, ಮಾತ್ರ ಈ ಮದ್ದು ನಾಟದು. ಗಡಿಯಾರ 125 ಮೆಗಾಹರ್ಟ್ಸಿನದಾಗಿದ್ದು ನಮಗೆ 31 ಮೆಗಾಹರ್ಟ್ಸ್ ಬೇಕೆನ್ನೋಣ. ವಕ್ರತೆಯಿಂದ ಹುಟ್ಟಿದ ಮೂರನೆಯ ಗುಣಿತ 93, ಗಡಿಯಾರಕ್ಕೆ ಬಡಿದು ಮಡಿಚಿಕೊಂಡು 32ರಲ್ಲಿ ಬಂದು ಕೂರುತ್ತದೆ. ಇಷ್ಟು ಸಮೀಪದ ನೆರೆಯನ್ನು ಸಾಮಾನ್ಯ ಫಿಲ್ಟರು ತಡೆಯಲಾರದು. ಗಡಿಯಾರವನ್ನು 100 ಮೆಗಾಹರ್ಟ್ಸಿಗೆ ಇಳಿಸಿದರೋ, ಅದೇ ಗುಣಿತ 7ಕ್ಕೆ ಸರಿದು ಸುಲಭವಾಗಿ ಶೋಧನೆಗೆ ಸಿಕ್ಕುತ್ತದೆ. ವೇಗ ತಗ್ಗಿಸಿದುದರಿಂದಲೇ ಶುದ್ಧಿ ಲಭಿಸಿತು! ಎರಡನೆಯ, ನಾಲ್ಕನೆಯ, ಐದನೆಯ ಗುಣಿತಗಳನ್ನೂ ಹೀಗೆಯೇ ಪರೀಕ್ಷಿಸಬೇಕು.

ಇಂಥ ಯಂತ್ರವನ್ನು ಕೈಯಾರೆ ಕಟ್ಟಹೊರಟಿರುವ ಮಿತ್ರರು ಹೆಚ್ಚು ಬಿಟ್ಟುಗಳ ದುಬಾರಿ ಚಿಪ್ಪನ್ನು ಕೊಳ್ಳುವುದಕ್ಕೆ ಮೊದಲು, ಒಂದು ಕಾಗದದ ಮೇಲೆ ಈ ಕೂಡುಕಳೆಯುವ ಲೆಕ್ಕವನ್ನು ದಯವಿಟ್ಟು ಮಾಡಿ ನೋಡಬೇಕು.