ಕಾರಿನ ಬಣ್ಣಕ್ಕೆ ಪಾಲಿಶ್ ಎಷ್ಟು ಸಲ?

ಕಾರಿಗೆ ಎಷ್ಟು ತಿಂಗಳಿಗೊಮ್ಮೆ ಪಾಲಿಶ್ ಮಾಡಿಸಬೇಕು ಎಂದು ಗ್ಯಾರೇಜಿನಲ್ಲಿ ಕೇಳಿದರೆ ಮೂರು ತಿಂಗಳು, ಆರು ತಿಂಗಳು ಎಂಬ ಉತ್ತರ ತಟ್ಟನೆ ಬರುತ್ತದೆ. ಸರ್ವಿಸ್‌ಗೆ ಬಿಟ್ಟಾಗ ‘ರಬ್ಬಿಂಗ್ ಮತ್ತು ಪಾಲಿಶ್’ ಎಂಬ ಸಾಲು ಬಿಲ್ಲಿನಲ್ಲಿ ತಾನಾಗಿ ಸೇರಿಕೊಳ್ಳುವುದೂ ಉಂಟು. ಆದರೆ ಪಾಲಿಶ್‌ಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಅದನ್ನು ಅಗತ್ಯ ಕಂಡಾಗ, ಅಗತ್ಯವಿರುವ ಜಾಗಕ್ಕೆ ಮಾತ್ರ ಮಾಡಿಸಬೇಕು. ಮಾಡಿಸದೆ ಇರಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಯಾಕೆಂದು ತಿಳಿಯಲು ಮೊದಲು ಬಣ್ಣದ ದಪ್ಪ ಎಷ್ಟೆಂದು ನೋಡೋಣ.

ಇಂದಿನ ಕಾರಿನ ಉಕ್ಕಿನ ತಗಡಿನ ಮೇಲೆ ಮುಖ್ಯವಾಗಿ ನಾಲ್ಕು ಪದರಗಳಿರುತ್ತವೆ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಹಿಡಿಸುವ ತುಕ್ಕುನಿರೋಧಕ ಲೇಪ ಮೊದಲನೆಯದು. ಅದು ಸುಮಾರು 20 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದರ ಮೇಲೆ 30ರಿಂದ 40 ಮೈಕ್ರಾನ್ ಪ್ರೈಮರ್. ನಾವು ಷೋರೂಮಿನಲ್ಲಿ ಆರಿಸಿದ ಕೆಂಪು, ನೀಲಿ, ಬೆಳ್ಳಿ ಬಣ್ಣ ಇರುವುದು ಮೂರನೆಯ ಪದರದಲ್ಲಿ, ಅದೂ 15–20 ಮೈಕ್ರಾನ್‌ನಷ್ಟೇ. ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಪೇಂಟರ್‌ಗಳು ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ದಪ್ಪ 35ರಿಂದ 50 ಮೈಕ್ರಾನ್. ನಾಲ್ಕೂ ಕೂಡಿದರೆ ಜೆರಾಕ್ಸ್ ಕಾಗದದ ಒಂದು ಹಾಳೆಗಿಂತ ತುಸು ಹೆಚ್ಚು ದಪ್ಪವಾಗಬಹುದು, ಅಷ್ಟೇ.

ಕಾರು ಫಳಫಳ ಹೊಳೆಯುವುದು ಈ ಕ್ಲಿಯರ್ ಕೋಟಿನಿಂದ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಉಳಿಸುವ ರಾಸಾಯನಿಕಗಳನ್ನೂ ಇದರಲ್ಲೇ ಬೆರೆಸಿರುತ್ತಾರೆ. ಈ ಪದರ ತೀರಾ ತೆಳುವಾದರೆ ಕಿರಣಗಳು ಒಳಗಿಳಿಯುತ್ತವೆ, ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಹಳೆಯ ಕಾರುಗಳ ಟಾಪ್ ಮತ್ತು ಬಾನೆಟ್ ಮೇಲೆ ಬಿಳಿಚಿಕೊಂಡು ಸಿಪ್ಪೆ ಏಳುವ ತೇಪೆಗಳನ್ನು ನೀವು ನೋಡಿರಬಹುದು. ಅದು ಕ್ಲಿಯರ್ ಕೋಟ್ ಸತ್ತ ಗುರುತು. ಅದಕ್ಕೆ ಮತ್ತೆ ಪೇಂಟ್ ಹೊಡೆಸಬೇಕೇ ಹೊರತು ಯಾವ ಪಾಲಿಶ್ ಕೂಡ ಮದ್ದಲ್ಲ.

ಪಾಲಿಶ್ ಎಂದರೆ ಈ ಪದರವನ್ನು ತಿಕ್ಕಿ ಸವೆಸುವುದು. ಗೀರು ಒಂದು ಸಣ್ಣ ಕಣಿವೆ. ಅದರ ಅಂಚಿಗೆ ಬಿದ್ದ ಬೆಳಕು ಅಡ್ಡಾದಿಡ್ಡಿ ಚದರುವುದರಿಂದ ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಪಾಲಿಶ್‌ನಲ್ಲಿರುವ ಅಲ್ಯುಮಿನಿಯಂ ಆಕ್ಸೈಡ್‌ನಂಥ ಅತಿ ಸಣ್ಣ ಗಡಸು ಕಣಗಳು ಗೀರನ್ನು ತುಂಬುವುದಿಲ್ಲ. ಅದರ ಸುತ್ತಲಿನ ಮೇಲ್ಮೈಯನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತವೆ. ನಯವಾದ ಪಾಲಿಶ್ ಒಂದು ಸಲಕ್ಕೆ ಮೈಕ್ರಾನಿನ ಆಸುಪಾಸು ತೆಗೆದರೆ, ಒರಟು ಕಾಂಪೌಂಡ್ ಹಾಕಿ ಮೆಷಿನ್‌ನಲ್ಲಿ ರಬ್ಬಿಂಗ್ ಮಾಡಿದಾಗ ಹಲವು ಮೈಕ್ರಾನ್ ಹೋಗಬಹುದು. ಕಾರಿನ ಇಡೀ ಆಯುಸ್ಸಿನಲ್ಲಿ ಕ್ಲಿಯರ್ ಕೋಟಿನಿಂದ ಎಂಟು ಹತ್ತು ಮೈಕ್ರಾನ್‌ಗಿಂತ ಹೆಚ್ಚು ತೆಗೆಯದಿರುವುದು ಕ್ಷೇಮ ಎಂಬುದು ಈ ಕೆಲಸ ಬಲ್ಲವರ ಅಂದಾಜು. ಈಗ ಲೆಕ್ಕ ಹಾಕಿ. ವರ್ಷಕ್ಕೆರಡು ಸಲ ರಬ್ಬಿಂಗ್ ಮಾಡಿಸಿ, ಸಲಕ್ಕೆ ಎರಡೇ ಮೈಕ್ರಾನ್ ಹೋದರೂ ಎರಡೂವರೆ ವರ್ಷಕ್ಕೆ ಆ ಹತ್ತೂ ಖರ್ಚಾಗಿರುತ್ತದೆ. ಕಾರು ಬಾಳಬೇಕಾದದ್ದು ಹತ್ತು ಹದಿನೈದು ವರ್ಷ.

ಹಾಗಾದರೆ ಮೂರು ತಿಂಗಳಿಗೊಮ್ಮೆ ಎಂಬ ರೂಢಿ ಬಂದದ್ದೆಲ್ಲಿಂದ? ಅದು ಹಳೆಯ ಬಣ್ಣಗಳ ಕಾಲದ್ದು. ಅಮೆರಿಕದ ಡ್ಯುಪಾಂಟ್ ಕಂಪನಿ 1923ರಲ್ಲಿ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಂದಿತು. ಅದಕ್ಕೂ ಮುಂಚೆ ಬ್ರಷ್‌ನಲ್ಲಿ ಬಳಿದ ಎಣ್ಣೆ ವಾರ್ನಿಷ್ ಒಣಗಿ ಮುಗಿಯಲು ವಾರಗಳೇ ಬೇಕಿದ್ದವು. ಲ್ಯಾಕರ್ ಬೇಗ ಒಣಗುತ್ತಿತ್ತು. ನಮ್ಮ ಬಡಗಿಗಳೂ ಪೇಂಟರ್‌ಗಳೂ ಸ್ಪ್ರೇ ಬಣ್ಣಕ್ಕೆ ಇಂದಿಗೂ ಡ್ಯೂಕೋ ಎನ್ನುವುದುಂಟು. ಆದರೆ ಆ ಲ್ಯಾಕರ್ ಸಿಂಪಡಿಸಿದಾಗ ಮಂಕಾಗಿರುತ್ತಿತ್ತು. ಉಜ್ಜಿದ ಮೇಲಷ್ಟೇ ಹೊಳಪು. ಬಣ್ಣದ ಮೇಲೆ ಪಾರದರ್ಶಕ ಕವಚವೂ ಇರಲಿಲ್ಲ. ಬಿಸಿಲಿಗೆ ಮೇಲ್ಭಾಗ ಸುಣ್ಣದಂತೆ ಪುಡಿಯಾಗುತ್ತಿತ್ತು, ಆ ಸತ್ತ ಪದರವನ್ನು ತಿಕ್ಕಿ ತೆಗೆದರೆ ಕೆಳಗಿನ ತಾಜಾ ಬಣ್ಣ ಕಾಣುತ್ತಿತ್ತು. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಪಾಲಿಶ್ ಬಟ್ಟೆಗೆ ಕಾರಿನ ಬಣ್ಣವೇ ಅಂಟಿಕೊಳ್ಳುತ್ತಿದ್ದುದು ನೆನಪಿರುತ್ತದೆ. ಅಂಥ ಬಣ್ಣಕ್ಕೆ ಆಗಾಗ ಪಾಲಿಶ್ ನಿಜಕ್ಕೂ ಬೇಕಿತ್ತು. 1980ರ ದಶಕದಿಂದೀಚೆಗೆ ಜಗತ್ತಿನ ಕಾರ್ಖಾನೆಗಳು ಕ್ಲಿಯರ್ ಕೋಟಿಗೆ ಹೊರಳಿದವು. ಬಣ್ಣ ಬದಲಾದರೂ ಉಪಚಾರ ಮಾತ್ರ ಹಳೆಯದೇ ಉಳಿಯಿತು.

ವ್ಯಾಕ್ಸ್ ಮಾಡುವ ಕೆಲಸ ಇದಕ್ಕೆ ತದ್ವಿರುದ್ಧ. ಪಾಲಿಶ್ ಒಂದಿಷ್ಟು ತೆಗೆದರೆ ವ್ಯಾಕ್ಸ್ ಒಂದಿಷ್ಟು ಸೇರಿಸುತ್ತದೆ. ಒಳ್ಳೆಯ ವ್ಯಾಕ್ಸ್‌ನಲ್ಲಿರುವ ಕಾರ್ನೋಬಾ ಮೇಣ ಈಶಾನ್ಯ ಬ್ರೆಜಿಲ್‌ನ ಒಂದು ತಾಳೆಯ ಎಲೆಗಳಿಂದ ಬರುತ್ತದೆ. ಅದು ಕರಗಲು 80 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಹಾಗಾಗಿ ಕಲಬುರಗಿಯ ಮೇ ಬಿಸಿಲಿನಲ್ಲೂ ಕರಗಿ ಇಳಿಯುವುದಿಲ್ಲ. ಆದರೆ ನಮ್ಮ ಬಿಸಿಲು ಮಳೆಯಲ್ಲಿ ಎರಡು ಮೂರು ತಿಂಗಳಿಗೆ ಸವೆದುಹೋಗುತ್ತದೆ. ಸಿಂಥೆಟಿಕ್ ಸೀಲೆಂಟ್ ಇನ್ನಷ್ಟು ಕಾಲ ಇರುತ್ತದೆ. ಇವುಗಳನ್ನು ಆಗಾಗ ಹಚ್ಚಿದರೆ ನಷ್ಟವಿಲ್ಲ. ಬೇಸಿಗೆಗೆ ಮುಂಚೆ ಒಮ್ಮೆ, ಮುಂಗಾರು ಶುರುವಾಗುವ ಮುನ್ನ ಒಮ್ಮೆ, ಆಯುಧಪೂಜೆಗೆ ಒಮ್ಮೆ ಎಂಬ ಕ್ರಮ ಕರ್ನಾಟಕದ ಹವೆಗೆ ಚೆನ್ನಾಗಿ ಒಗ್ಗುತ್ತದೆ. ಹಬ್ಬಕ್ಕೆಂದು ರಬ್ಬಿಂಗ್ ಮಾಡಿಸುವ ಬದಲು ವ್ಯಾಕ್ಸ್ ಹಚ್ಚಿ. ಕುಂಕುಮ, ಅರಿಸಿನ, ನಿಂಬೆಹುಳಿಯ ಕಲೆಗಳು ನೇರ ಬಣ್ಣಕ್ಕೆ ತಾಗದೆ ಮೇಣದ ಮೇಲೆಯೇ ನಿಲ್ಲುತ್ತವೆ. ಮರುದಿನ ಒಣ ಬಟ್ಟೆಯಲ್ಲಿ ಉಜ್ಜದೆ ನೀರು ಹಾಯಿಸಿ ತೊಳೆದರಾಯಿತು. ಬಿಳಿ ಕಾರಿನ ಮೇಲೆ ಅರಿಸಿನದ ಛಾಯೆ ಉಳಿದರೆ ಗಾಬರಿಯಾಗಿ ತಿಕ್ಕಬೇಡಿ. ಅರಿಸಿನದ ಬಣ್ಣಕ್ಕೆ ಬೆಳಕು ಆಗದು, ಕೆಲವು ದಿನದ ಬಿಸಿಲಿಗೆ ತಾನೇ ಮಾಸುತ್ತದೆ.

ಇನ್ನು ಗೀರುಗಳ ಮೂಲ. ಕಾರು ಓಡುವಾಗ ಬೀಳುವ ಗೀರುಗಳಿಗಿಂತ ನಾವು ಒರೆಸುವಾಗ ಬೀಳುವ ಗೀರುಗಳೇ ಹೆಚ್ಚು. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚು 7ರ ಮಟ್ಟದ್ದು, ಸಾಮಾನ್ಯ ಗಾಜಿನ ಮೇಲೂ ಗೀರು ಎಳೆಯಬಲ್ಲದು. ಕ್ಲಿಯರ್ ಕೋಟ್ ಅದರ ಮುಂದೆ ತೀರಾ ಮೆದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಸಾಲು ಸಾಲು ಕಾರುಗಳನ್ನು ಒರೆಸಲಾಗುತ್ತದೆ. ಒಂದು ಕಾರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿಗೆ ದುಡಿಯುವವರನ್ನು ಇದಕ್ಕೆ ದೂರುವುದು ಸರಿಯಲ್ಲ. ದಿನವೂ ಒರೆಸಿರಬೇಕೆಂದು ಬಯಸುವವರು ನಾವೇ. ಬೀದಿದೀಪದ ಕೆಳಗೆ ನಿಂತಾಗ ಬಾನೆಟ್ ಮೇಲೆ ಜೇಡರಬಲೆಯಂಥ ಸುತ್ತುಗೀರುಗಳು ಕಾಣುತ್ತವಲ್ಲ, ಅವು ಹೀಗೆ ಹುಟ್ಟಿದವು. ಅವನ್ನು ತೆಗೆಸಲು ಪಾಲಿಶ್, ಮರುದಿನದಿಂದ ಮತ್ತೆ ಅದೇ ಬಟ್ಟೆ. ಈ ಚಕ್ರದಲ್ಲಿ ಸವೆಯುವುದು ಕ್ಲಿಯರ್ ಕೋಟ್.

ಮನೆಯವರು ನಿತ್ಯ ಒರೆಸುವುದನ್ನು ನಿಲ್ಲಿಸಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸರಿಯಾಗಿ ತೊಳೆಯುವುದೇ ಪಾಲಿಶ್ ಖರ್ಚು ಉಳಿಸುವ ದೊಡ್ಡ ದಾರಿ. ಮೊದಲು ಉಜ್ಜದೆ ನೀರು ಹಾಯಿಸಿ ಧೂಳು ಇಳಿಸಿ. ಆಮೇಲೆ ಕಾರ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ, ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರಿಯ ನೀರು. ಟಾಪ್‌ನಿಂದ ಶುರುಮಾಡಿ ಕೆಳಗಿಳಿಯಿರಿ. ಚಕ್ರ ಒರೆಸಿದ ಬಟ್ಟೆ ಬಾಗಿಲು ಮುಟ್ಟಕೂಡದು. ನೀರಿನ ಕಷ್ಟ ಇಲ್ಲಿ ಮರೆಯಲಾಗದ ಸಂಗತಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ದಿನಗಳಿಗೆಂದೇ ಮತ್ತೆ ಜಾಲಾಡಿಸುವ ಅಗತ್ಯವಿಲ್ಲದ ಶಾಂಪೂ ದ್ರಾವಣಗಳಿವೆ. ಅರ್ಧ ಬಕೆಟ್ ನೀರು ಮತ್ತು ಏಳೆಂಟು ಶುಭ್ರ ಬಟ್ಟೆಗಳಲ್ಲಿ ಇಡೀ ಕಾರು ಮುಗಿಯುತ್ತದೆ. ಒಂದು ಮಗ್ಗುಲು ಕೊಳೆಯಾದ ಕೂಡಲೇ ಬಟ್ಟೆ ಮಡಚಿ ಹೊಸ ಮಗ್ಗುಲು ಬಳಸಬೇಕು. ಬೋರ್‌ವೆಲ್‌ನ ಗಡಸು ನೀರಾದರೆ ಬಿಸಿಲಿನಲ್ಲಿ ತೊಳೆಯಲೇಬೇಡಿ. ಹನಿ ಆರಿದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣದ ಬಿಳಿ ಉಂಗುರ ಉಳಿದು, ದಿನ ಕಳೆದಂತೆ ಕ್ಲಿಯರ್ ಕೋಟನ್ನೇ ಕಚ್ಚುತ್ತದೆ. ಹೊಸ ಉಂಗುರಗಳು ನೀರು ಬೆರೆಸಿದ ಬಿಳಿ ವಿನೆಗರ್‌ಗೆ ಕರಗುತ್ತವೆ. ಒರೆಸಿದ ಬಳಿಕ ತಪ್ಪದೆ ನೀರು ಹಾಯಿಸಿ.

ಹಕ್ಕಿಯ ಹಿಕ್ಕೆಗೆ ವಾರದ ತೊಳೆತದವರೆಗೆ ಕಾಯುವಂತಿಲ್ಲ. ಅದರಲ್ಲಿ ಯೂರಿಕ್ ಆಮ್ಲವಿದೆ. ಅದಲ್ಲದೆ ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗಿರುತ್ತದೆ, ಸಂಜೆ ತಣಿದಾಗ ಗಟ್ಟಿಯಾದ ಹಿಕ್ಕೆಯ ಆಕಾರಕ್ಕೆ ತಕ್ಕಂತೆ ಕುಗ್ಗಿ ಅಚ್ಚೊತ್ತಿದಂತೆ ಗುರುತು ನಿಲ್ಲುತ್ತದೆ. ಒದ್ದೆ ಬಟ್ಟೆ ಐದು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ಮಳೆಮರದ ನೆರಳಿಗೆ ನಿಲ್ಲಿಸಿದ ಕಾರಿನ ಮೇಲೆ ಕೀಟಗಳು ಉದುರಿಸುವ ಅಂಟು ಹನಿಗಳಿಗೂ ಇದೇ ಉಪಾಯ. ಮಂಗಳೂರು, ಕಾರವಾರದ ಕಡಲಗಾಳಿಯ ಉಪ್ಪಿಗೆ ಪಾಲಿಶ್ ಉತ್ತರವಲ್ಲ. ಅಡಿಭಾಗವೂ ಸೇರಿ ಆಗಾಗ ನೀರು ಹಾಯಿಸುವುದು ಮತ್ತು ಕಲ್ಲು ಸಿಡಿದು ಬಣ್ಣ ಕಿತ್ತ ಚುಕ್ಕೆಗಳಿಗೆ ಟಚ್‌ಅಪ್ ಹಚ್ಚುವುದು ಮುಖ್ಯ. ಬಳ್ಳಾರಿ, ಸಂಡೂರು ಕಡೆಯ ಕೆಂಪು ಅದಿರಿನ ಧೂಳನ್ನು ಒಣಗಿದ್ದಾಗ ಕೈಯಿಂದ ಸವರಿದರೂ ಗೀರು ಬೀಳುತ್ತದೆ.

ಪಾಲಿಶ್ ಬೇಕೋ ಬೇಡವೋ ಎಂದು ಕಾರನ್ನೇ ಕೇಳಬಹುದು. ತೊಳೆದು ಒಣಗಿಸಿದ ಬಾನೆಟ್ ಮೇಲೆ ನೀರು ಚಿಮುಕಿಸಿ. ಹನಿ ದುಂಡಗೆ ನಿಂತರೆ ರಕ್ಷಾಪದರ ಇದೆ, ಚಪ್ಪಟೆಯಾಗಿ ಹರಡಿದರೆ ವ್ಯಾಕ್ಸ್ ಮುಗಿದಿದೆ. ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳಿಟ್ಟು ಮೆಲ್ಲಗೆ ಸವರಿದಾಗ ಮರಳುಮರಳಾಗಿ ತಾಗಿದರೆ ಬ್ರೇಕಿನ ಕಬ್ಬಿಣದ ಕಣ, ಡಾಂಬರು, ಮರದ ಅಂಟು ಹಿಡಿದಿವೆ ಎಂದರ್ಥ. ಅದಕ್ಕೆ ಕ್ಲೇ ಬಾರ್ ಎಂಬ, ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಮೆತ್ತನೆಯ ಜೇಡಿಯಂಥ ಉಂಡೆ ಸಾಕು. ಕೊನೆಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಸುತ್ತುಗೀರುಗಳು ದಟ್ಟವಾಗಿ ಹೊಳಪನ್ನೇ ಮಂಕಾಗಿಸಿದ್ದರೆ ಮಾತ್ರ ಪಾಲಿಶ್‌ಗೆ ಸಮಯ ಬಂದಿದೆ. ಚೆನ್ನಾಗಿ ತೊಳೆಯುವ ಮನೆಯಲ್ಲಿ ಆ ಸಮಯ ಎರಡು ಮೂರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಉಗುರು ತಡೆಯುವಷ್ಟು ಆಳದ ಗೀರಿದ್ದರೆ ಅದನ್ನು ಬಿಟ್ಟುಬಿಡಿ. ಅದನ್ನು ಅಳಿಸಹೊರಟರೆ ಕ್ಲಿಯರ್ ಕೋಟೇ ತೂತಾಗುತ್ತದೆ.

ವ್ಯಾಕ್ಸ್‌ನ ಬದಲಿಗೆ ಹಚ್ಚುವ ಕೋಟಿಂಗ್‌ಗಳ ವಿಚಾರದಲ್ಲಿ ಎಚ್ಚರ ಬೇಕು. ಟೆಫ್ಲಾನ್ ಬಾಣಲೆಗೆ ಕಚ್ಚಿಕೊಳ್ಳುವುದು 300 ಡಿಗ್ರಿ ಮೀರಿದ ಬಿಸಿಯಲ್ಲಿ. ಅಷ್ಟು ಬಿಸಿಯಲ್ಲಿ ಕಾರಿನ ಬಣ್ಣವೇ ಸುಟ್ಟುಹೋಗುತ್ತದೆ, ಆದ್ದರಿಂದ ‘ಟೆಫ್ಲಾನ್ ಕೋಟಿಂಗ್’ ಎಂದು ಹಚ್ಚುವುದನ್ನು ಸಾಧಾರಣ ಸೀಲೆಂಟ್ ಎಂದೇ ಎಣಿಸಿ ಬೆಲೆ ಕೊಡಿ. ಸಿಲಿಕಾ ಆಧಾರದ ಸೆರಾಮಿಕ್ ಕೋಟಿಂಗ್ ನಿಜಕ್ಕೂ ಬಣ್ಣಕ್ಕೆ ಬೆಸೆದು ವರ್ಷಗಟ್ಟಲೆ ನಿಲ್ಲುತ್ತದೆ, ತೊಳೆಯುವುದೂ ಸಲೀಸು. ಆದರೆ ಜಾಹೀರಾತಿನ 9ಎಚ್ ಎಂಬುದು ಪೆನ್ಸಿಲ್ ಮೊನೆಯಿಂದ ಪರೀಕ್ಷಿಸುವ ಗಡಸುತನ. ಬೆಣಚಿನ ಧೂಳು ಅದರ ಮೇಲೂ ಗೀರು ಎಳೆಯುತ್ತದೆ. ಹಚ್ಚುವ ಮುಂಚೆ ಒಮ್ಮೆ ಪಾಲಿಶ್ ಆಗಲೇಬೇಕಾದ್ದರಿಂದ ಹಳೆಯ ಕಾರಿಗಿಂತ ಹೊಸ ಕಾರಿಗೆ ಹೆಚ್ಚು ಲಾಭ.

ಪಾಲಿಶ್ ಮಾಡಿಸುವುದೇ ಆದರೆ ಬಣ್ಣದ ದಪ್ಪ ಅಳೆಯುವ ಗೇಜ್ ಇರುವ ಅಂಗಡಿಗೆ ಹೋಗಿ, ಮೊದಲೂ ಆಮೇಲೂ ಅಳತೆ ತೋರಿಸಲು ಕೇಳಿ. ಆರಂಭ ಅತಿ ನಯವಾದ ಪಾಲಿಶ್‌ನಿಂದಲೇ ಆಗಲಿ. ಒಂದು ಅಡಿ ಜಾಗದಲ್ಲಿ ಪ್ರಯೋಗಿಸಿ ನೋಡಿ, ಸಾಲದಿದ್ದರಷ್ಟೇ ಒರಟಾದದ್ದಕ್ಕೆ ಹೋಗಬೇಕು. ಒಂದೇ ದಿಕ್ಕಿಗೆ ಸುತ್ತುವ ರೋಟರಿ ಮೆಷಿನ್ ಬೇಗ ಬಿಸಿಯೇರಿಸುತ್ತದೆ. ಸುತ್ತುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಮೆಷಿನ್ ನಿಧಾನ, ಆದರೆ ಸುರಕ್ಷಿತ. ಬಾಗಿಲ ಅಂಚು, ಬಾನೆಟ್‌ನ ಮಡಿಕೆಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳುವಾಗಿರುವುದರಿಂದ ಅಲ್ಲಿ ಟೇಪ್ ಅಂಟಿಸಿಯೇ ಮೆಷಿನ್ ಹಚ್ಚಬೇಕು. ಅಪಘಾತದ ನಂತರ ಮರುಪೇಂಟ್ ಆದ ಭಾಗವನ್ನು ಮೊದಲೇ ಹೇಳಿಬಿಡಿ. ಕಾರ್ಖಾನೆಯಲ್ಲಿ ಕ್ಲಿಯರ್ ಕೋಟನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿದರೆ, ವರ್ಕ್‌ಷಾಪಿನ ಬೂತ್‌ನಲ್ಲಿ 60–80 ಡಿಗ್ರಿಯಷ್ಟೇ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಿ, ಅದರೊಳಗಿನ ದ್ರಾವಕ ಆವಿಯಾಗಲು ವಾರಗಳು ಬೇಕು. ಆ ಭಾಗಕ್ಕೆ ಒಂದೆರಡು ತಿಂಗಳು ವ್ಯಾಕ್ಸ್ ಕೂಡ ಹಚ್ಚದೆ ನೀರಿನಲ್ಲಿ ಮೆಲ್ಲಗೆ ತೊಳೆಯುತ್ತಿರಿ.