ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದರೆ ವೈಫೈ ಯಾಕೆ ಬರುವುದಿಲ್ಲ?

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಎಂದು ಹೆಸರಾದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಬಳಕೆಗೆ ತಂದಿತು. ಮನೆಗೆ ಹೊಸ ಲ್ಯಾಪ್‌ಟಾಪ್ ಬಂದಾಗ ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನೇ ಹಾಕಲು ಹೊರಡುವುದು ಸಹಜ. ಪರದೆ ಬರುತ್ತದೆ, ಕೀಲಿಮಣೆ ನಡೆಯುತ್ತದೆ, ವೈಫೈ ಮಾತ್ರ ನಾಪತ್ತೆ. ಅಂಗಡಿಗೆ ಒಯ್ದರೆ “ಇದಕ್ಕೆ ಲಿನಕ್ಸ್ ಆಗುವುದಿಲ್ಲ” ಎಂದು ವಿಂಡೋಸ್ ಹಾಕಿ ದುಡ್ಡು ತೆಗೆದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದರ ಅಗತ್ಯವೇ ಇರುವುದಿಲ್ಲ.

ವಿಂಡೋಸ್‌ಗೆ ಬೇಕಾದ ಡ್ರೈವರುಗಳನ್ನು ಕಂಪನಿಯವರೇ ಮಾಡಿ ಕೊಡುತ್ತಾರೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರುಗಳು ಕರ್ನಲ್ ಎಂಬ ತಿರುಳಿನ ಒಳಗೇ ಇರುತ್ತವೆ. ಕರ್ನಲ್ ತಯಾರಾದ ಮೇಲೆ ಮಾರುಕಟ್ಟೆಗೆ ಬಂದ ಚಿಪ್‌ನ ಪರಿಚಯ ಅದಕ್ಕೆ ಇರಲಾರದು. ಒಂದು ಉದಾಹರಣೆ ನೋಡಿ. ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ 8852ಬಿಇ ಎಂಬ ವೈಫೈ ಚಿಪ್ ಇರುತ್ತದೆ. ಇದರ ಡ್ರೈವರ್ ಸೇರಿದ್ದು 2023ರ ಫೆಬ್ರವರಿಯಲ್ಲಿ ಬಂದ 6.2 ಕರ್ನಲ್‌ಗೆ. 2022ರ ಏಪ್ರಿಲ್‌ನಲ್ಲಿ ಹೊರಬಂದ ಉಬುಂಟು 22.04ರಲ್ಲಿ ಇದ್ದದ್ದು 5.15. ಆಗ ಮಾಡಿಟ್ಟ ಪೆನ್‌ಡ್ರೈವ್‌ನಿಂದ ಈಗ ಹಾಕಿದರೆ ವೈಫೈ ಎಲ್ಲಿಂದ ಬರಬೇಕು? ಅದೇ 22.04ರ ಐದನೇ ಪರಿಷ್ಕರಣೆ, 22.04.5ರಲ್ಲಿ, 6.8 ಕರ್ನಲ್ ಇದೆ. ಹೆಸರು ಒಂದೇ, ಒಳಗಿನ ತಿರುಳು ಬೇರೆ.

ಆಗಲೇ ಹಾಕಿಯಾಗಿದ್ದರೆ ಪುನಃ ಮೊದಲಿನಿಂದ ಹಾಕಬೇಕಿಲ್ಲ. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ತಂತಿಯ ಸಂಪರ್ಕವೆಂದೇ ತಿಳಿಯುತ್ತದೆ, ವೈಫೈ ಡ್ರೈವರ್ ಬೇಡ. ಬಳಿಕ ‘ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-22.04’ ಎಂಬ ಪ್ಯಾಕೇಜನ್ನು ಹಾಕಿ ಯಂತ್ರವನ್ನು ಮರುಚಾಲನೆ ಮಾಡಿದರೆ ಹೊಸ ಕರ್ನಲ್ ಬರುತ್ತದೆ. ಚಿಪ್ ಯಾವುದೆಂದು ತಿಳಿಯಲು ಟರ್ಮಿನಲ್‌ನಲ್ಲಿ ‘ಎಲ್ಎಸ್‌ಪಿಸಿಐ’ ಆದೇಶ ಸಾಕು. ಅಂತರಜಾಲದಲ್ಲಿ ಯಾರೋ ಇಟ್ಟ ಡ್ರೈವರ್ ತಂದು ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಕರ್ನಲ್ ಬದಲಾದ ದಿನ ವೈಫೈ ಪುನಃ ಹೋಗುವ ಸಂಭವವಿದೆ.

ಡ್ರೈವರ್ ಇದ್ದರೂ ಕೆಲವು ಚಿಪ್‌ಗಳಿಗೆ ಫರ್ಮ್‌ವೇರ್ ಎಂಬ ಇನ್ನೊಂದು ಕಡತ ಬೇಕು. ಡೆಬಿಯನ್‌ನವರು ಮುಕ್ತವಲ್ಲದ ಇಂಥ ಕಡತಗಳನ್ನು ಬಹುಕಾಲ ಮುಖ್ಯ ಸಿ.ಡಿ.ಯಿಂದ ಹೊರಗಿಟ್ಟಿದ್ದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಜೊತೆಗೇ ಕೊಡುತ್ತಿದ್ದಾರೆ.

ಇಂಟೆಲ್‌ನ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಕಾಣಿಸುವುದಿಲ್ಲ. ಬಯೋಸ್‌ನಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ ಆನ್ ಇರುವುದು ಕಾರಣ. ಅದನ್ನು ಆಫ್ ಮಾಡಿದರೆ ಡಿಸ್ಕ್ ಸಿಗುತ್ತದೆ, ಆದರೆ ಮೊದಲೇ ಇದ್ದ ವಿಂಡೋಸ್ ತೆರೆಯದೇ ಹೋಗಬಹುದು. ಫೋಟೊ, ಕಾಗದಪತ್ರಗಳ ಪ್ರತಿ ಬೇರೆ ಕಡೆ ಇಡದೆ ಇದಕ್ಕೆ ಕೈ ಹಾಕಬೇಡಿ.

ಇನ್ನೂ ಕೊಂಡಿಲ್ಲವಾದರೆ ಕೆಲಸ ಹಗುರ. ಹೊಸ ಉಬುಂಟು ಇರುವ ಪೆನ್‌ಡ್ರೈವ್ ಒಯ್ದು, ಅಂಗಡಿಯವರು ಒಪ್ಪಿದರೆ ‘ಟ್ರೈ ಉಬುಂಟು’ ಆರಿಸಿ ನಡೆಸಿ ನೋಡಿ. ಯಂತ್ರದಲ್ಲಿ ಇರುವುದೇನೂ ಅಳಿಸಿಹೋಗುವುದಿಲ್ಲ. ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗುತ್ತದೆಯೇ, ಇಷ್ಟನ್ನು ನೋಡಿ ಮತ್ತೆ ದುಡ್ಡು ಕೊಡಿ.